ಕಾಯಕದ ಹಂಬಲ ಮೊಳೆಯುವುದೆಲ್ಲಿ? ವೃತ್ತಿಶಿಕ್ಷಣದ ವಿದ್ಯಾರ್ಥಿ ಮತ್ತು ಸ್ವಂತ ಉದ್ಯಮ

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಮ್ಮೆ ನೆನೆಯೋಣ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಲೋಕವು ಇವರನ್ನು ಗುರುತಿಸಿದ್ದು ಅವರವರ ಕಾಯಕದಿಂದ. ಬಟ್ಟೆ ಮಡಿ ಮಾಡುವುದು, ದೋಣಿ ನಡೆಸುವುದು, ಬುಟ್ಟಿ ಹೆಣೆಯುವುದು, ಹಗ್ಗ ಹೊಸೆಯುವುದು ಇವಾವುವೂ ತಿಂಗಳ ಸಂಬಳದ ನೌಕರಿಗಳಲ್ಲ. ತನ್ನ ಕೈಯ ಕುಶಲತೆಯನ್ನು ನಂಬಿ, ಊರಿಗೆ ಬೇಕಾದುದನ್ನು ಒದಗಿಸಿ ಬಾಳುವ ರೀತಿ ಅದು. ಆ ಪರಂಪರೆಯನ್ನು ಕೊಂಡಾಡುವ ನಾವು ಮನೆಯಲ್ಲಿ ಮಕ್ಕಳಿಗೆ ಹೇಳುವ ಮಾತು ಮಾತ್ರ ಬೇರೆ: “ಓದು ಮುಗಿಸು, ಎಲ್ಲಾದರೂ ಒಂದು ನೌಕರಿ ಹಿಡಿ.” ಈ ಅಂತರವನ್ನು ಕುರಿತು ಯೋಚಿಸುವುದು ಇಂದಿನ ಅಗತ್ಯ.

ಭಟ್ಕಳ ತಾಲೂಕಿನ ಮಾವಳ್ಳಿ ಹೋಬಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮುರ್ಡೇಶ್ವರವಿರುವುದು ಇಲ್ಲಿಯೇ. ಪಾಲಿಟೆಕ್ನಿಕ್ ಇದೆ, ರಾಷ್ಟ್ರೀಯ ಹೆದ್ದಾರಿ 66 ಇದೆ, ಕೊಂಕಣ ರೈಲಿನ ನಿಲ್ದಾಣವಿದೆ. ಯಾತ್ರಿಕರ ವಸತಿಗೃಹಗಳ ಪಂಪು, ಮೀನುಗಾರರ ದೋಣಿಯ ಎಂಜಿನ್ನು, ಅಡಕೆ ತೋಟದ ಮೋಟಾರು ಎಲ್ಲಕ್ಕೂ ನುರಿತ ಕೈ ಬೇಕು. ಆದರೂ ಕರಾವಳಿಯ ಎಷ್ಟೋ ತರುಣರು ಪ್ರಮಾಣಪತ್ರ ಕೈಗೆ ಬಂದೊಡನೆ ಮಂಗಳೂರು, ಬೆಂಗಳೂರು ಅಥವಾ ಕೊಲ್ಲಿ ದೇಶಗಳ ದಾರಿ ಹಿಡಿಯುತ್ತಾರೆ. ಹೊರಗೆ ಹೋಗಿ ದುಡಿಯುವುದು ತಪ್ಪಲ್ಲ. ಊರಿನಲ್ಲಿಯೇ ನಿಂತು ಏನನ್ನಾದರೂ ಕಟ್ಟಬಹುದೆಂಬ ಯೋಚನೆಯೇ ಅವರ ಮನಸ್ಸಿನಲ್ಲಿ ಸುಳಿಯದಿದ್ದರೆ ಅದು ನಮ್ಮೆಲ್ಲರ ಕೊರತೆ.

ಇಂತಹ ಸಂಕಲ್ಪ ಹೇಗೆ ಹುಟ್ಟುತ್ತದೆ? ಮನಃಶಾಸ್ತ್ರಜ್ಞ ಐಸೆಕ್ ಐಜೆನ್ 1991ರಲ್ಲಿ ವಿವರಿಸಿದ ಸಿದ್ಧಾಂತದಂತೆ ಮನುಷ್ಯನ ಸಂಕಲ್ಪಕ್ಕೆ ಮೂರು ಬೇರುಗಳು. ಮೊದಲನೆಯದು, ಆ ಕೆಲಸ ಒಳ್ಳೆಯದೆಂಬ ಭಾವನೆ. ಎರಡನೆಯದು, ತನ್ನವರು ಅದನ್ನು ಮೆಚ್ಚುವರೆಂಬ ಎಣಿಕೆ. ಮೂರನೆಯದು, ಅದು ತನ್ನ ಕೈಲಾಗುವುದೆಂಬ ಧೈರ್ಯ. ಮೊದಲನೆಯದನ್ನು ಭಾಷಣದಿಂದಲೂ ಮೂಡಿಸಬಹುದು. ಎರಡನೆಯದು ಮನೆಯವರ ಕೈಯಲ್ಲಿದೆ. ಮೂರನೆಯದು ಮಾಡಿ ನೋಡದೆ ಬಾರದು.

ಮಾಡಿ ಗೆದ್ದವರನ್ನು ಕಂಡಾಗಲೂ ಧೈರ್ಯ ಬೆಳೆಯುತ್ತದೆ. ಮುರ್ಡೇಶ್ವರದ ಮಕ್ಕಳ ಕಣ್ಣೆದುರಿಗೆ ಅಂತಹ ಒಂದು ಬಾಳು ಇದೆ. 1928ರಲ್ಲಿ ಇಲ್ಲಿ ಕೃಷಿಕ ಕುಟುಂಬದಲ್ಲಿ ಜನಿಸಿದ ಆರ್.ಎನ್. ಶೆಟ್ಟಿ ಅವರು 1961ರಲ್ಲಿ ಶಿರಸಿಯಲ್ಲಿ ಗುತ್ತಿಗೆದಾರರಾಗಿ ಸ್ವಂತ ಸಂಸ್ಥೆ ಆರಂಭಿಸಿದರು. ಮುಂದೆ ಕಟ್ಟಡ ನಿರ್ಮಾಣ, ಹೋಟೆಲು, ಸೆರಾಮಿಕ್ ಉದ್ಯಮಗಳನ್ನು ಕಟ್ಟಿ, ಹುಟ್ಟೂರಿಗೆ ಶಿಕ್ಷಣ ಸಂಸ್ಥೆಗಳನ್ನು ತಂದರು, 2020ರಲ್ಲಿ ನಿಧನರಾದರು. ಆದರೆ ಇಷ್ಟು ಎತ್ತರದ ಮಾದರಿಯೊಂದೇ ಸಾಲದು. ಅದನ್ನು ನೋಡಿದ ವಿದ್ಯಾರ್ಥಿ “ಅದು ಅವರಿಗೆ ಸಾಧ್ಯ, ನನಗಲ್ಲ” ಎಂದುಕೊಳ್ಳಬಹುದು. ಪಕ್ಕದ ಬೀದಿಯಲ್ಲಿ ಐದು ವರ್ಷದಿಂದ ರಿಪೇರಿ ಅಂಗಡಿ ನಡೆಸುತ್ತಿರುವ ಹಳೆಯ ವಿದ್ಯಾರ್ಥಿಯು ತರಗತಿಗೆ ಬಂದು ತನ್ನ ಲೆಕ್ಕದ ಪುಸ್ತಕ ತೆರೆದು ತೋರಿಸಿದರೆ, ಅದು ನೇರವಾಗಿ ತಟ್ಟುತ್ತದೆ.

ಪಾಠ ಹೇಳಿದ ಮಾತ್ರಕ್ಕೆ ಹಂಬಲ ಹೆಚ್ಚುವುದೇ? ನೆದರ್ಲೆಂಡ್ಸ್‌ನ ವೃತ್ತಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಪುಟ್ಟ ಕಂಪನಿ ಕಟ್ಟಿ ನಡೆಸುವ ಕಾರ್ಯಕ್ರಮವನ್ನು ಪರೀಕ್ಷಿಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿರೀಕ್ಷೆಗೆ ವಿರುದ್ಧವಾಗಿ, ಭಾಗವಹಿಸಿದವರಲ್ಲಿ ಉದ್ಯಮ ಆರಂಭಿಸುವ ಇಚ್ಛೆ ಕಡಿಮೆಯಾಗಿತ್ತು. ಕಷ್ಟದ ನಿಜರೂಪ ತಿಳಿದದ್ದು ಇದಕ್ಕೆ ಕಾರಣವಿರಬಹುದೆಂದು ಅಧ್ಯಯನಕಾರರು ಊಹಿಸಿದರು. ಇನ್ನೊಂದೆಡೆ, ಸ್ವೀಡನ್ನಿನಲ್ಲಿ ಪ್ರೌಢ ವಿದ್ಯಾರ್ಥಿಗಳಿಗೆ ನೀಡಿದ ಇಂಥದೇ ಶಿಕ್ಷಣವನ್ನು ದೀರ್ಘಕಾಲ ಹಿಂಬಾಲಿಸಿ ನೋಡಿ, 2015ರಲ್ಲಿ ಪ್ರಕಟಿಸಿದ ಅಧ್ಯಯನವು, ಅವರು ಮುಂದೆ ಸಂಸ್ಥೆ ಕಟ್ಟುವ ಸಾಧ್ಯತೆ ಹೆಚ್ಚಿತ್ತೆಂದು ಕಂಡುಕೊಂಡಿತು. ಎರಡನ್ನೂ ಕೂಡಿಸಿ ಓದಿದರೆ ನಮಗೆ ತಿಳಿಯುವುದಿಷ್ಟು: ಕಲಿಕೆಯ ಫಲವನ್ನು ತರಗತಿಯ ಕೊನೆಯ ದಿನ ಅಳೆಯಬಾರದು. ಹುಸಿ ಉತ್ಸಾಹ ಇಳಿದ ಮೇಲೆ ಉಳಿಯುವ ತಿಳಿವಳಿಕೆಯೇ ನಿಜವಾದ ಬಂಡವಾಳ.

ಆದುದರಿಂದ ತರಬೇತಿಯಷ್ಟೇ ಮುಖ್ಯ ಅದರ ನಂತರದ ಆಸರೆ. ಈ ಸತ್ಯವನ್ನು ನಾಡಿಗೆ ತೋರಿಸಿದ್ದು ಉಜಿರೆಯ ರುಡ್‌ಸೆಟ್. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ 1982ರಲ್ಲಿ ಅದು ಆರಂಭವಾಯಿತು. ಊಟ ವಸತಿಗಳೊಡನೆ ಉಚಿತ ಅಲ್ಪಾವಧಿ ತರಬೇತಿ, ಬಳಿಕ ದೀರ್ಘಕಾಲ ಬೆನ್ನ ಹಿಂದೆ ನಿಂತು ವಿಚಾರಿಸುವುದು ಅದರ ರೀತಿ. ಅದೇ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಸ್ಥಾಪನೆಗೊಂಡವು. ಉತ್ತರ ಕನ್ನಡದವರಿಗೆ ಅಂತಹ ಕೆನರಾ ಬ್ಯಾಂಕ್ ಸಂಸ್ಥೆ ಕುಮಟಾದಲ್ಲಿಯೇ ಇದೆ. ಮಾವಳ್ಳಿಯ ಹುಡುಗನಿಗಾಗಲಿ ಹುಡುಗಿಗಾಗಲಿ ಅದು ದೂರದ ಊರಲ್ಲ.

ಹಣದ ಭಯವೂ ಸಹಜ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. 2008ರ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಡಿ ಗ್ರಾಮೀಣ ಪ್ರದೇಶದ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ. 25, ಮಹಿಳೆಯರೂ ಸೇರಿದ ವಿಶೇಷ ವರ್ಗದವರಿಗೆ ಶೇ. 35 ಸಹಾಯಧನ ನಿಗದಿಯಾಗಿದೆ. ಆದರೆ ಸಾಲ ಸಾಲವೇ. ಕಂತು, ಬಡ್ಡಿ, ಉದ್ದರಿ ಕೊಟ್ಟು ಕಳೆದುಕೊಳ್ಳುವ ಹಣ ಇವುಗಳ ಲೆಕ್ಕವನ್ನು ಓದುವ ಕಾಲದಲ್ಲಿಯೇ ಕಲಿಸದೆ ಅರ್ಜಿ ನಮೂನೆ ಕೈಗಿತ್ತರೆ ಅದು ಉಪಕಾರವಲ್ಲ.

ಉದ್ಯಮದ ಹಂಬಲವೆಂದರೆ ದುರಾಸೆಯೇ ಎಂದು ಕೇಳುವ ಸದ್ಭಕ್ತರೂ ಇದ್ದಾರೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದವಳು ಅವನ ಸತಿ ಲಕ್ಕಮ್ಮ. ಆಕೆ ನಿರಾಕರಿಸಿದ್ದು ದುಡಿಮೆಯನ್ನಲ್ಲ, ಅಗತ್ಯ ಮೀರಿದ ಸಂಗ್ರಹವನ್ನು. ತಾನು ದುಡಿದು, ನಾಲ್ವರಿಗೆ ಕೆಲಸ ಕೊಟ್ಟು, ಸರಿಯಾದ ತೂಕ, ಸರಿಯಾದ ಬೆಲೆಯಲ್ಲಿ ನಡೆಯುವ ಉದ್ಯಮವು ಕಾಯಕವೂ ಹೌದು, ದಾಸೋಹಕ್ಕೆ ದಾರಿಯೂ ಹೌದು.

ತಂದೆ ತಾಯಂದಿರಲ್ಲಿ ನಮ್ಮದೊಂದು ವಿನಂತಿ. ಮಗನೋ ಮಗಳೋ ಸ್ವಂತ ಕೆಲಸದ ಮಾತೆತ್ತಿದಾಗ ಮೊದಲ ದಿನವೇ ಬೇಡವೆನ್ನಬೇಡಿ. ಸಣ್ಣದಾಗಿ ಒಂದು ವರ್ಷ ಮಾಡಿ ನೋಡಲು ಬಿಡಿ, ಲೆಕ್ಕ ಬರೆಯಿಸಿ, ತಿಂಗಳಿಗೊಮ್ಮೆ ಕೂಡಿ ಕುಳಿತು ನೋಡಿ. ಅದು ನಡೆಯದಿದ್ದರೆ ಮಾನ ಹೋಯಿತೆಂದು ತಿಳಿಯಬೇಡಿ. ಕಲಿತ ಕೆಲಸ ಕೈಯಲ್ಲೇ ಉಳಿದಿರುತ್ತದೆ. ಸೋತು ಬಂದ ಮಗುವಿಗೆ ಮನೆಯ ಬಾಗಿಲು ತೆರೆದಿರುತ್ತದೆಂಬ ನಂಬಿಕೆಯೇ ಅದು ಹೊರಗೆ ಹೆಜ್ಜೆಯಿಡಲು ಬೇಕಾದ ಮೊದಲ ಧೈರ್ಯ.