ಭಾಷೆ ಬೆಳೆಯಬೇಕಾದರೆ ಮೊದಲು ನಿಯಮ ಗಟ್ಟಿಯಿರಬೇಕು

ದೆಹಲಿಯ ಹೌಜ್ ಖಾಸ್‌ನಲ್ಲಿರುವ ಐಐಟಿಯಲ್ಲಿ ಸೋರವ್ ಬನ್ಸಲ್ ಅವರ ತಂಡ 2020ರಲ್ಲಿ ಸಿ ಭಾಷೆಗಾಗಿ ‘ಓಓಇಲಾಲಾ’ ಎಂಬ ಉಪಕರಣವೊಂದನ್ನು ರೂಪಿಸಿತು. ಕಂಪೈಲರ್ ಆಗಲೇ ಚುರುಕುಗೊಳಿಸಿದ್ದ ಕೋಡ್ ಕೂಡ ಇದರಿಂದ ಕೆಲವೆಡೆ 2.6 ಪಟ್ಟು ವೇಗ ಪಡೆಯಿತು. ಇದಕ್ಕಾಗಿ ಭಾಷೆಗೆ ಒಂದೇ ಒಂದು ಹೊಸ ಪದವನ್ನೂ ಸೇರಿಸಬೇಕಾಗಲಿಲ್ಲ. 1989ರ ಸ್ಟ್ಯಾಂಡರ್ಡ್‌ನಿಂದಲೇ ಇದ್ದ ನಿಯಮವೊಂದನ್ನು ಕಂಪೈಲರ್ ಬಳಸಿಕೊಳ್ಳುವಂತೆ ಮಾಡಿದ್ದಷ್ಟೇ. ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ಡ್ರೈವರ್‌ಗಳನ್ನು ಬರೆಯುವ ಭಾಷೆಯೊಂದು ಮುಂದೆಯೂ ಬೆಳೆಯುತ್ತ ಹೋಗಬೇಕಾದರೆ ಏನೇನು ಬೇಕು ಎಂಬುದನ್ನು ಈ ಉದಾಹರಣೆಯಿಂದಲೇ ಅರ್ಥಮಾಡಿಕೊಳ್ಳಬಹುದು.

ಒಂದು ಸಾಲಿನಲ್ಲಿ ಅಡಗಿದ್ದ ಮಾಹಿತಿ

ಸರಣಿಯೊಂದರಲ್ಲಿ ಕನಿಷ್ಠ ಮತ್ತು ಗರಿಷ್ಠ ಸಂಖ್ಯೆಗಳನ್ನು ಹುಡುಕುವ ಫಂಕ್ಷನ್ ಇದೆ ಎನ್ನಿ. ಉತ್ತರಗಳನ್ನು ಇಡಬೇಕಾದ ಜಾಗಗಳ ವಿಳಾಸ ಎರಡು ಪಾಯಿಂಟರ್‌ಗಳಲ್ಲಿ ಬರುತ್ತದೆ. ಮೊದಲ ಸಾಲು ಹೀಗಿರುತ್ತದೆ:

*ಕನಿಷ್ಠ = *ಗರಿಷ್ಠ = ಸರಣಿ[0];

ಆಮೇಲಿನ ಲೂಪ್ ಒಂದೊಂದೇ ಸಂಖ್ಯೆಯನ್ನು ಹೋಲಿಸುತ್ತ ಸಾಗುತ್ತದೆ. ಕಂಪೈಲರ್‌ಗೆ ಇಲ್ಲೊಂದು ಅನುಮಾನ: ಎರಡು ಪಾಯಿಂಟರ್‌ಗಳೂ ಮೆಮೊರಿಯ ಒಂದೇ ಜಾಗವನ್ನು ತೋರಿಸುತ್ತಿದ್ದರೆ? ಹಾಗಿದ್ದಲ್ಲಿ ಕನಿಷ್ಠವನ್ನು ಬದಲಿಸಿದಾಗ ಗರಿಷ್ಠವೂ ಬದಲಾಗುತ್ತದೆ. ಈ ಭಯದಿಂದ ಕಂಪೈಲರ್ ಪ್ರತಿ ಸುತ್ತಿನಲ್ಲೂ ಮೆಮೊರಿಗೆ ಬರೆದು, ಮತ್ತೆ ಅಲ್ಲಿಂದಲೇ ಓದುವ ಕೋಡ್ ತಯಾರಿಸುತ್ತದೆ.

ಆದರೆ ಸಿ ಭಾಷೆಯ ನಿಯಮದ ಪ್ರಕಾರ, ಯಾವುದು ಮೊದಲು ಯಾವುದು ಆಮೇಲೆ ಎಂಬುದು ಗೊತ್ತಾಗದ ಹಾಗೆ ಒಂದೇ ಜಾಗದ ಮೌಲ್ಯವನ್ನು ಒಂದೇ ಅಭಿವ್ಯಕ್ತಿಯಲ್ಲಿ ಎರಡು ಸಲ ಬದಲಿಸುವಂತಿಲ್ಲ. ಮೇಲಿನ ಸಾಲು ಎರಡು ಪಾಯಿಂಟರ್‌ಗಳು ತೋರಿಸುವ ಜಾಗಗಳಿಗೂ ಬರೆಯುತ್ತದೆ, ಯಾವುದಕ್ಕೆ ಮೊದಲು ಎಂಬ ಕ್ರಮ ನಿಗದಿಯಾಗಿಲ್ಲ. ಆದ್ದರಿಂದ ಪ್ರೋಗ್ರಾಂ ನಿಯಮಬದ್ಧವಾಗಿದ್ದರೆ ಅವೆರಡೂ ಬೇರೆ ಬೇರೆ ಜಾಗಗಳೇ. ಸರಣಿಯ ಜಾಗವೂ ಬೇರೆ ಎಂದು ತಿಳಿದರೆ ಎರಡೂ ಮೌಲ್ಯಗಳನ್ನು ರಿಜಿಸ್ಟರ್‌ನಲ್ಲೇ ಇಟ್ಟುಕೊಂಡು, ಲೂಪ್ ಮುಗಿದ ಮೇಲೆ ಒಂದೇ ಸಲ ಮೆಮೊರಿಗೆ ಬರೆದರೆ ಸಾಕು. ವೇಗ ಬರುವುದು ಹೀಗೆ.

ಹೊಸದನ್ನು ಸೇರಿಸುವ ಜಾಗಗಳು

ಐಐಟಿ ತಂಡ ತನ್ನ ಕೆಲಸವನ್ನು ಕ್ಲ್ಯಾಂಗ್ ಎಂಬ ಸಿ ಕಂಪೈಲರ್ ಮತ್ತು ಎಲ್‌ಎಲ್‌ವಿಎಂ ಒಳಗೆ ಅಳವಡಿಸಿತು. ಎಲ್‌ಎಲ್‌ವಿಎಂ 2000ದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಮತ್ತು ವಿಕ್ರಮ್ ಅಡ್ವೆ ಆರಂಭಿಸಿದ ಯೋಜನೆ. ಅದರ ಜೀವಾಳ ನಡುವಿನ ಪದರ. ಮುಂದಿನ ಭಾಗ ಮೂಲ ಕೋಡನ್ನು ಒಂದು ಮಧ್ಯಂತರ ರೂಪಕ್ಕೆ ತರುತ್ತದೆ, ಹಿಂದಿನ ಭಾಗ ಅದನ್ನು ಪ್ರೊಸೆಸರ್‌ನ ಸೂಚನೆಗಳಾಗಿ ಬದಲಿಸುತ್ತದೆ. ಐದು ಭಾಷೆ, ನಾಲ್ಕು ಬಗೆಯ ಪ್ರೊಸೆಸರ್ ಇದ್ದರೆ ನೇರವಾಗಿ 20 ಅನುವಾದಕಗಳು ಬೇಕು. ನಡುವೆ ಎಲ್ಲಕ್ಕೂ ಒಂದೇ ರೂಪ ಇದ್ದರೆ ಒಂಬತ್ತೇ ಸಾಕು. ಪಾಯಿಂಟರ್‌ಗಳ ಬಗ್ಗೆ ಹೊಸ ತರ್ಕವೊಂದನ್ನು ಹಳೆಯವುಗಳ ಪಕ್ಕಕ್ಕೆ ಜೋಡಿಸುವ ಅವಕಾಶವೂ ಅಲ್ಲಿದೆ.

ಈ ನಡುವಿನ ಪದರವನ್ನೇ ವಿಸ್ತರಿಸಲು ಬರುವಂತೆ ಮಾಡಿದ್ದು ಎಂಎಲ್‌ಐಆರ್ ಎಂಬ ಚೌಕಟ್ಟು. ಅದನ್ನು ಪರಿಚಯಿಸಿದ ಪ್ರಬಂಧದ ಲೇಖಕರಲ್ಲಿ ಬೆಂಗಳೂರಿನ ಐಐಎಸ್‌ಸಿಯ ಉದಯ್ ಬೊಂಡುಗುಲ ಕೂಡ ಒಬ್ಬರು. ಲೂಪ್‌ಗಳಿಗೆ ಒಂದು, ಮ್ಯಾಟ್ರಿಕ್ಸ್ ಲೆಕ್ಕಗಳಿಗೆ ಇನ್ನೊಂದು ಎಂದು ಅಗತ್ಯಕ್ಕೆ ತಕ್ಕ ಉಪಭಾಷೆಗಳನ್ನು ಅದರಲ್ಲಿ ಸೇರಿಸಬಹುದು. ಪ್ರತಿ ಉಪಭಾಷೆಯೂ ತನ್ನ ಕ್ರಿಯೆಗಳು ಯಾವುವು, ಯಾವ ಬಳಕೆ ಸರಿ, ಯಾವುದು ತಪ್ಪು ಎಂದು ತಾನೇ ಹೇಳಬೇಕು.

ಇನ್ನೊಂದು ಜಾಗ ಮ್ಯಾಕ್ರೋ. ಸಿ ಭಾಷೆಯ ಪ್ರಿಪ್ರೊಸೆಸರ್ ಭಾಷೆಯ ವ್ಯಾಕರಣ ನೋಡದೆ ಒಂದು ತುಣುಕಿನ ಜಾಗದಲ್ಲಿ ಇನ್ನೊಂದನ್ನು ಇಡುತ್ತದೆ. ಆವರಣ ಚಿಹ್ನೆಯೊಂದು ಬಿಟ್ಟುಹೋದರೆ ಲೆಕ್ಕವೇ ತಪ್ಪಬಹುದು. ರಸ್ಟ್ ಭಾಷೆಯ ಮ್ಯಾಕ್ರೋಗೆ ತಾನು ಪಡೆಯುತ್ತಿರುವುದು ಅಭಿವ್ಯಕ್ತಿಯೋ, ಹೆಸರೋ, ಪ್ರಕಾರವೋ (ಟೈಪ್) ಎಂಬುದು ಗೊತ್ತಿರುತ್ತದೆ. ಹೊಸ ಭಾಷೆ ಕಟ್ಟುವವರಿಗೆ ಈ ಎರಡನೆಯ ದಾರಿಯೇ ಸರಿ.

ನಿಯಮವನ್ನು ಕಾಯುವವರು ಯಾರು?

ಸಿ ಭಾಷೆಯ ಆ ನಿಯಮಕ್ಕೆ ಅಪಾಯದ ಮುಖವೂ ಇದೆ. ಯಾರಾದರೂ ಎರಡೂ ಪಾಯಿಂಟರ್‌ಗಳಿಗೆ ಒಂದೇ ವಿಳಾಸ ಕೊಟ್ಟರೆ ಯಾವ ಎಚ್ಚರಿಕೆಯೂ ಇಲ್ಲದೆ ತಪ್ಪು ಉತ್ತರ ಬರಬಹುದು. ನಿಯಮ ಪಾಲಿಸುವ ಹೊಣೆಯನ್ನು ಸಿ ಪೂರ್ತಿ ಪ್ರೋಗ್ರಾಮರ್ ತಲೆಗೆ ಹೊರಿಸಿದೆ.

2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಅದೇ ಭರವಸೆಯನ್ನು ಪ್ರಕಾರದಲ್ಲೇ ಬರೆದಿಟ್ಟಿತು. ಬದಲಾಯಿಸಬಲ್ಲ ಉಲ್ಲೇಖವೊಂದು ಬಳಕೆಯಲ್ಲಿರುವಾಗ ಅದೇ ಜಾಗಕ್ಕೆ ಬೇರೊಂದು ಉಲ್ಲೇಖ ಇರಕೂಡದು. ಇದನ್ನು ಕಂಪೈಲರೇ ಪರಿಶೀಲಿಸುತ್ತದೆ. ಆದರೂ ಈ ಮಾಹಿತಿಯನ್ನು ರಸ್ಟ್ ಎಲ್‌ಎಲ್‌ವಿಎಂಗೆ ಕೊಟ್ಟಾಗ ಅಲ್ಲಿನ ಹಳೆಯ ದೋಷಗಳು ಹೊರಬಂದವು, ಆ ಸೌಲಭ್ಯವನ್ನು ಹಲವು ಬಾರಿ ನಿಲ್ಲಿಸಬೇಕಾಯಿತು. ಸಿ ಪ್ರೋಗ್ರಾಂಗಳು ಅಪರೂಪಕ್ಕೆ ಬಳಸುತ್ತಿದ್ದ ದಾರಿಯಲ್ಲಿ ರಸ್ಟ್ ದಿನವೂ ಓಡಾಡಿದ್ದೇ ಇದಕ್ಕೆ ಕಾರಣ. ವಿಸ್ತರಣೆಗೆ ಅವಕಾಶ ಕೊಟ್ಟಮೇಲೆ ಅದನ್ನು ಪರೀಕ್ಷಿಸುತ್ತಲೂ ಇರಬೇಕು.

ಹಾಗಾಗಿ ಭಾಷೆ ಕಟ್ಟುವ ಆಸೆ ಇರುವವರು ತಿರುಳನ್ನು ಚಿಕ್ಕದಾಗಿಡಿ. ಅದರ ನಿಯಮಗಳನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಬರೆಯಿರಿ. ಸಾಧ್ಯವಾದಷ್ಟನ್ನು ಕಂಪೈಲರ್ ಪರಿಶೀಲಿಸಲಿ, ಉಳಿದದ್ದು ಲೈಬ್ರರಿಯಲ್ಲಿರಲಿ. ಎಲ್‌ಎಲ್‌ವಿಎಂ ಜೊತೆಗೆ ‘ಕೆಲಿಡೋಸ್ಕೋಪ್’ ಎಂಬ ಪುಟ್ಟ ಭಾಷೆಯನ್ನು ಹಂತಹಂತವಾಗಿ ಕಟ್ಟುವ ಪಾಠ ಉಚಿತವಾಗಿ ಸಿಗುತ್ತದೆ. ಬಳಕೆದಾರರೇ ಹೊಸ ಆಪರೇಟರ್ ಸೇರಿಸುವುದು ಹೇಗೆ ಎಂಬುದಕ್ಕೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ಅಲ್ಲಿಂದ ಶುರುಮಾಡಿ. ನಿಮ್ಮದೊಂದು ಆಪರೇಟರ್ ಸೇರಿಸುವ ಮುನ್ನ ಅದು ಏನು ಮಾಡುತ್ತದೆ, ಏನು ಮಾಡಕೂಡದು ಎಂಬುದನ್ನು ಬರೆದಿಟ್ಟುಕೊಳ್ಳಿ.