ಗುರುವಾರದ ಅಮ್ಮಂದಿರು

ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಎಂಜಲು ಅನ್ನೋ ಲೆಕ್ಕವೇ ಇಲ್ಲ! ಪಾರ್ಕಿನಲ್ಲಿ ಕೂತವರು ‘ಮಾತೆ’ ಎಂಬ ಕಹಿ ಕಷಾಯವನ್ನು ಒಂದೇ ಬುರುಡೆಯಿಂದ, ಒಂದೇ ಕೊಳವೆಯಲ್ಲಿ ಸರದಿ ಪ್ರಕಾರ ಹೀರುತ್ತಾರೆ. ನನಗೂ ಕೊಟ್ಟರು, ಕುಡಿದೆ. ಪರಿಚಯವಾದ ಕೂಡಲೇ ಕೆನ್ನೆಗೆ ಮುತ್ತು, ರಾತ್ರಿ ಹತ್ತಕ್ಕೆ ಊಟ. ಎಷ್ಟು ನಿಶ್ಚಿಂತ ಜನ ಅಂದುಕೊಂಡೆ.

ಆಮೇಲೆ ಗುರುವಾರ ಬಂತು. ಮಧ್ಯಾಹ್ನ ಮೂರೂವರೆಗೆ, ಅಧ್ಯಕ್ಷರ ಕಚೇರಿಯೆದುರಿನ ಪ್ಲಾಸಾ ದೆ ಮಾಯೋ ಚೌಕದಲ್ಲಿ ಬಿಳಿ ಸ್ಕಾರ್ಫ್ ಕಟ್ಟಿದ ಅಜ್ಜಿಯರು ನಿಧಾನಕ್ಕೆ ಸುತ್ತು ಹಾಕುತ್ತಿದ್ದರು. 1976ರಿಂದ 1983ರವರೆಗಿನ ಸೇನಾಡಳಿತ ಇವರ ಮಕ್ಕಳನ್ನು ಹೊತ್ತೊಯ್ದು ಕಾಣೆಯಾಗಿಸಿತ್ತು. 1977ರಲ್ಲಿ ಕೇಳಲು ಬಂದ ಅಮ್ಮಂದಿರಿಗೆ ಪೊಲೀಸರು ‘ಗುಂಪಾಗಿ ನಿಲ್ಲಬೇಡಿ, ನಡೀರಿ’ ಅಂದರು. ಸರಿ, ಜೋಡಿಜೋಡಿಯಾಗಿ ನಡೆಯತೊಡಗಿದರು. ಮೊದಮೊದಲು ತಲೆಗೆ ಕಟ್ಟಿದ್ದು ಮಗುವಿನ ಲಂಗೋಟಿ ಬಟ್ಟೆಯನ್ನೇ. ಆ ನಡಿಗೆ ಇನ್ನೂ ನಿಂತಿಲ್ಲ.

ಅಲ್ಲಿಗೆ ಹೋದರೆ ಟ್ಯಾಂಗೋ ನೃತ್ಯ ತಪ್ಪಿದರೂ ಪರವಾಗಿಲ್ಲ, ಗುರುವಾರ ಮಾತ್ರ ತಪ್ಪಿಸಬೇಡಿ.