ಎಪ್ಪತ್ತೈದು ಕುದುರೆ ಎಲ್ಲಿಂದ ಬಂದವು?

ಎರಡು ಎಂಜಿನ್‌ಗಳನ್ನು ಅಕ್ಕಪಕ್ಕ ಇಡಿ. ಒಂದು, 1976ರಲ್ಲಿ ಮಾರುಕಟ್ಟೆಗೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಯದು. ಹಾಟ್ ಹ್ಯಾಚ್, ಅಂದರೆ ಬಲವಾದ ಎಂಜಿನ್ನಿನ ಪುಟ್ಟ ಹ್ಯಾಚ್‌ಬ್ಯಾಕ್ ಕಾರುಗಳ ವಂಶಕ್ಕೆ ಮೂಲಪುರುಷ ಯಾರೆಂದು ಕೇಳಿದರೆ ಹೆಚ್ಚಿನವರು ಬೆರಳು ತೋರುವುದು ಇದೇ ಕಾರಿನತ್ತ. ಅಳತೆ 1588 ಸಿಸಿ. ಇನ್ನೊಂದು, 1997ರ ಹೋಂಡಾ ಸಿವಿಕ್ ಟೈಪ್ ಆರ್‌ನ ಬಿ16ಬಿ ಎಂಜಿನ್. ಅಳತೆ 1595 ಸಿಸಿ. ಅಂತರ ಏಳೇ ಏಳು ಸಿಸಿ! ಎರಡಕ್ಕೂ ನಾಲ್ಕು ಸಿಲಿಂಡರ್. ಎರಡಕ್ಕೂ ಟರ್ಬೊ ಇಲ್ಲ, ಸೂಪರ್‌ಚಾರ್ಜರ್ ಇಲ್ಲ. ಸುತ್ತಲಿನ ಗಾಳಿ ತಾನಾಗಿ ಒಳಬಂದಷ್ಟೇ ಲೆಕ್ಕ. ಗಾಲ್ಫ್‌ನ ಶಕ್ತಿ 110 ಅಶ್ವಶಕ್ತಿ. ಸಿವಿಕ್‌ನದು 185.

ಹಾಗಾದರೆ ಉಳಿದ ಎಪ್ಪತ್ತೈದು ಕುದುರೆ ಎಲ್ಲಿಂದ ಬಂದವು?

ಪೆಟ್ರೋಲ್ ಜಾಸ್ತಿ ಸುರಿದಿರಬೇಕು ಎನ್ನುವಿರಾ? ಪೆಟ್ರೋಲ್ ಸುರಿಯುವುದು ಯಾರಿಗೂ ಕಷ್ಟವಲ್ಲ, ಅದನ್ನು ಉರಿಸುವುದಕ್ಕೆ ಗಾಳಿ ತರುವುದು ಕಷ್ಟ. ಪೂರ್ತಿ ಶಕ್ತಿ ಬೇಕಾದಾಗ ಒಂದು ಗ್ರಾಂ ಪೆಟ್ರೋಲಿಗೆ ಹನ್ನೆರಡೂವರೆ, ಹದಿಮೂರು ಗ್ರಾಂ ಗಾಳಿ ಬೇಕು. ಒಂದು ಲೀಟರ್ ಗಾಳಿಯ ತೂಕವೋ, ಬರೀ 1.2 ಗ್ರಾಂ. ಟರ್ಬೊ ಇದ್ದರೆ ಗಾಳಿಯನ್ನು ಕುತ್ತಿಗೆ ಹಿಡಿದು ಒಳಗೆ ತಳ್ಳಬಹುದು. ಇಲ್ಲದಿದ್ದರೆ ತಳ್ಳುವುದಕ್ಕೆ ಇರುವುದು ವಾಯುಮಂಡಲದ ಒತ್ತಡ ಮಾತ್ರ. ಅದು ಶ್ರೀಮಂತನ ಕಾರಿಗೂ ಅಷ್ಟೇ, ಬಡವನ ಕಾರಿಗೂ ಅಷ್ಟೇ. ಬೆಂಗಳೂರಿನಲ್ಲಿರುವವರಿಗೆ ಇನ್ನೂ ಸ್ವಲ್ಪ ಕಡಿಮೆ! ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರಿನಲ್ಲಿ ಗಾಳಿ ತೆಳು. ಮಂಗಳೂರಿನ ಕಡಲ ದಂಡೆಯಲ್ಲಿ 100 ಕುದುರೆ ಕೊಟ್ಟ ಎಂಜಿನ್ ಶಿರಾಡಿ ಘಾಟ್ ಹತ್ತಿ ಬೆಂಗಳೂರು ಸೇರುವಷ್ಟರಲ್ಲಿ ಒಂಬತ್ತೋ ಹತ್ತೋ ಕುದುರೆಗಳನ್ನು ದಾರಿಯಲ್ಲೇ ಬಿಟ್ಟಿರುತ್ತದೆ. ಯಾರೂ ಕದ್ದಿಲ್ಲ, ಯಾವ ಮೆಕ್ಯಾನಿಕ್ಕೂ ಕೆಡಿಸಿಲ್ಲ.

ಈಗ ಅಚ್ಚರಿಯ ಮೊದಲ ಬಾಗಿಲು ತೆರೆಯೋಣ. ಆ ಎರಡು ಎಂಜಿನ್‌ಗಳ ಟಾರ್ಕ್ ನೋಡಿ, ಅಂದರೆ ಪ್ರತಿ ಸುತ್ತಿಗೂ ಶಾಫ್ಟನ್ನು ತಿರುಚುವ ಬಲ. ಗಾಲ್ಫ್‌ನದು ಸುಮಾರು 140 ನ್ಯೂಟನ್ ಮೀಟರ್, ಸಿವಿಕ್‌ನದು 160. ಇಪ್ಪತ್ತೊಂದು ವರ್ಷಗಳ ತಂತ್ರಜ್ಞಾನ, ಎರಡರಷ್ಟು ವಾಲ್ವ್, ಕೈಯಿಂದ ಉಜ್ಜಿ ನುಣುಪು ಮಾಡಿದ ಪೋರ್ಟ್ (ವಾಲ್ವಿಗೆ ಗಾಳಿ ಹಾದುಬರುವ ದಾರಿ), ಇಷ್ಟೆಲ್ಲ ಸೇರಿ ಟಾರ್ಕ್ ಏರಿದ್ದು ಏಳನೇ ಒಂದು ಭಾಗದಷ್ಟು! ಶಕ್ತಿ ಮಾತ್ರ ಮೂರನೇ ಎರಡು ಭಾಗದಷ್ಟು ಏರಿದೆ. ಗುಟ್ಟು ಸುತ್ತಿನಲ್ಲಿದೆ. ಗಾಲ್ಫ್ 6100 ಆರ್‌ಪಿಎಂಗೆ ತನ್ನ ಪೂರ್ತಿ ಶಕ್ತಿ ಕೊಟ್ಟು ಸುಸ್ತಾಗುತ್ತದೆ. ಸಿವಿಕ್ 8200ರಲ್ಲೂ ತನ್ನ ಹಿಡಿತವನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡಿರುತ್ತದೆ. ಅದೇ ಬಲ, ನಿಮಿಷಕ್ಕೆ ಎರಡು ಸಾವಿರ ಸಲ ಹೆಚ್ಚು.

ಹಾಗಿದ್ದರೆ ಎಲ್ಲ ಎಂಜಿನ್ನುಗಳನ್ನೂ ಜೋರಾಗಿ ತಿರುಗಿಸಿಬಿಟ್ಟರಾಯಿತಲ್ಲ! ತಿರುಗಿಸಬಹುದು, ಆದರೆ ಗಾಳಿಗೆ ಪುರುಸೊತ್ತಿರುವುದಿಲ್ಲ. 8200 ಆರ್‌ಪಿಎಂನಲ್ಲಿ ಪಿಸ್ಟನ್ ಮೇಲಿನಿಂದ ಕೆಳಗಿಳಿಯುವುದಕ್ಕೆ ತೆಗೆದುಕೊಳ್ಳುವ ಕಾಲ ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ನಾಲ್ಕಕ್ಕಿಂತ ಕಡಿಮೆ. ಅಷ್ಟರೊಳಗೆ ಸಿಲಿಂಡರ್ ತುಂಬಬೇಕು. ನಾಲ್ಕೂ ಸಿಲಿಂಡರ್ ಸೇರಿ ಸೆಕೆಂಡಿಗೆ ನೂರು ಲೀಟರಿಗೂ ಮಿಕ್ಕಿ ಗಾಳಿ ನುಂಗುತ್ತವೆ. ಸುಮ್ಮನೆ ಕುಳಿತ ಮನುಷ್ಯನಿಗೆ ಕಾಲು ಗಂಟೆಗೆ ಬೇಕಾಗುವ ಉಸಿರು, ಒಂದು ಸೆಕೆಂಡಿನಲ್ಲಿ! ಈ ವೇಗದಲ್ಲಿ ಸಾಮಾನ್ಯ ಎಂಜಿನ್ ಅರೆಹೊಟ್ಟೆಯಲ್ಲಿ ಓಡುತ್ತದೆ. ಲೀಟರ್ ಜಾಗಕ್ಕೆ ಮುಕ್ಕಾಲು ಲೀಟರಿನಷ್ಟೇ ಗಾಳಿ ಸೇರಿ, ಟಾರ್ಕ್ ಕುಸಿದುಹೋಗುತ್ತದೆ.

ಆದರೆ ಚೆನ್ನಾಗಿ ಟ್ಯೂನ್ ಮಾಡಿದ ಎಂಜಿನ್ ಒಂದು ಲೀಟರ್ ಜಾಗದಲ್ಲಿ ಒಂದು ಲೀಟರಿಗಿಂತ ಹೆಚ್ಚು ಗಾಳಿ ಹಿಡಿಸುತ್ತದೆ. ಯಾವ ಪಂಪೂ ಇಲ್ಲದೆ! ಇದನ್ನು ಮೊದಲು ಓದಿದಾಗ ಅಚ್ಚಿನ ತಪ್ಪಿರಬೇಕು ಅಂದುಕೊಂಡಿದ್ದೆ. ತಪ್ಪಲ್ಲ. ಒಳ್ಳೆಯ ರೇಸ್ ಎಂಜಿನ್ನುಗಳು ನೂರಕ್ಕೆ ನೂರನ್ನು ಸಲೀಸಾಗಿ ದಾಟುತ್ತವೆ. ಹೇಗೆ?

ಇನ್‌ಟೇಕ್ ವಾಲ್ವ್ ತೆರೆಯುತ್ತದೆ, ಪಿಸ್ಟನ್ ಕೆಳಗೆ ಧುಮುಕುತ್ತದೆ, ವಾಲ್ವಿನ ಬಾಯಲ್ಲಿ ಒತ್ತಡ ಥಟ್ಟನೆ ತಗ್ಗುತ್ತದೆ. ಆ ತಗ್ಗು ಸುಮ್ಮನೆ ಅಲ್ಲೇ ನಿಲ್ಲುವುದಿಲ್ಲ. ಒಂದು ಅಲೆಯಾಗಿ, ಶಬ್ದದ ವೇಗದಲ್ಲಿ, ಕೊಳವೆಯಲ್ಲಿ ಹಿಂದಕ್ಕೆ ಓಡುತ್ತದೆ. ಕೊಳವೆಯ ತೆರೆದ ತುದಿ ತಲುಪಿದ ಕೂಡಲೇ ವೇಷ ಬದಲಿಸುತ್ತದೆ: ತಗ್ಗಿನ ಅಲೆಯಾಗಿ ಹೋದದ್ದು ಉಬ್ಬಿನ ಅಲೆಯಾಗಿ ವಾಲ್ವಿನ ಕಡೆಗೆ ವಾಪಸಾಗುತ್ತದೆ. ಕೊಳಲಿನೊಳಗೆ ಸ್ವರ ಹುಟ್ಟುವುದೂ ಇದೇ ನಿಯಮಕ್ಕೆ. ಉದ್ದ ಕೊಳಲಿಗೆ ತಗ್ಗಿನ ಶ್ರುತಿ, ಮೋಟು ಕೊಳಲಿಗೆ ಏರಿನ ಶ್ರುತಿ. ಎಂಜಿನ್ನಿನಲ್ಲೂ ಉದ್ದ ಕೊಳವೆ ತಗ್ಗಿನ ಆರ್‌ಪಿಎಂಗೆ ಒದಗುತ್ತದೆ, ಮೋಟು ಕೊಳವೆ ಏರಿನದಕ್ಕೆ. 30 ಸೆಂಟಿಮೀಟರ್ ಕೊಳವೆಯಲ್ಲಿ ಅಲೆ ಹೋಗಿ ಬರುವುದಕ್ಕೆ ಎರಡು ಮಿಲಿಸೆಕೆಂಡ್ ಕೂಡ ಬೇಡ. ಅಷ್ಟರಲ್ಲಿ ಕ್ರ್ಯಾಂಕ್ 8200ರ ವೇಗದಲ್ಲಿ ಕಾಲು ಸುತ್ತು ತಿರುಗಿರುತ್ತದೆ. ಲೆಕ್ಕ ಸರಿ ಕೂತರೆ, ವಾಲ್ವ್ ಮುಚ್ಚುವ ತುಸು ಮೊದಲು, ಪಿಸ್ಟನ್ ಆಗಲೇ ಮೇಲೇರಲು ಹೊರಟಿರುವಾಗ, ಆ ಉಬ್ಬಿನ ಅಲೆ ಬಂದು ಇನ್ನೊಂದಿಷ್ಟು ಗಾಳಿಯನ್ನು ಒಳಗೆ ನೂಕಿಬಿಡುತ್ತದೆ. ಬಾಗಿಲು ಮುಚ್ಚುತ್ತದೆ. ಗಾಳಿ ಸಿಕ್ಕಿಬಿತ್ತು!

ಇದೇ ಆಟ ಸೈಲೆನ್ಸರ್ ಕಡೆಯಲ್ಲೂ ನಡೆಯುತ್ತದೆ, ತಲೆಕೆಳಗಾಗಿ. ಸುಟ್ಟ ಹೊಗೆ ಸಿಡಿದು ಹೊರಟಾಗ ಹುಟ್ಟಿದ ಉಬ್ಬಿನ ಅಲೆ, ನಾಲ್ಕು ಪೈಪುಗಳು ಕೂಡುವ ಜಾಗದಿಂದ ತಗ್ಗಿನ ಅಲೆಯಾಗಿ ಮರಳುತ್ತದೆ. ಅದು ಬರುವ ಹೊತ್ತಿಗೆ ಎಕ್ಸಾಸ್ಟ್ ವಾಲ್ವ್ ಇನ್ನೂ ಪೂರ್ತಿ ಮುಚ್ಚಿಲ್ಲ, ಇನ್‌ಟೇಕ್ ವಾಲ್ವ್ ಆಗಲೇ ಸ್ವಲ್ಪ ತೆರೆದಿದೆ. ಟ್ಯೂನರ್‌ಗಳು ಓವರ್‌ಲ್ಯಾಪ್ ಎನ್ನುವುದು ಈ ಗಳಿಗೆಗೆ. ಪಿಸ್ಟನ್ ಇನ್ನೂ ಕೆಳಗಿಳಿಯಲು ಶುರುಮಾಡಿಲ್ಲ. ಅಷ್ಟರಲ್ಲಿ ಹೊರಹೋಗುತ್ತಿರುವ ಹೊಗೆಯೇ ಹೊಸ ಗಾಳಿಯನ್ನು ಒಳಗೆಳೆಯುತ್ತದೆ! ಫೋರ್-ಟು-ಒನ್, ಫೋರ್-ಟು-ಟು-ಒನ್ ಎಂದು ಮ್ಯಾನಿಫೋಲ್ಡ್ ಅಂಗಡಿಗಳಲ್ಲಿ ನಡೆಯುವ ಜಗಳಗಳೆಲ್ಲ ಕೊನೆಗೆ ಈ ಒಂದು ಅಲೆಯ ಪ್ರಯಾಣದ ಬಗ್ಗೆ.

ಈಗ ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಏನು ಮಾಡುತ್ತದೆ ಎಂಬುದು ಅರ್ಥವಾಗುತ್ತದೆ. ಪುಸ್ತಕದ ಚಿತ್ರದಲ್ಲಿ ಪಿಸ್ಟನ್ ಇಳಿಯುವ 180 ಡಿಗ್ರಿಯಷ್ಟೂ ಇನ್‌ಟೇಕ್ ವಾಲ್ವ್ ತೆರೆದಿರುತ್ತದೆ, ಅಲ್ಲಿಗೆ ಮುಗಿಯಿತು. ಟ್ಯೂನರ್‌ಗಳ ಬಾಯಲ್ಲಿ ಓಡಾಡುವ ಅಂಕಿಗಳೇ ಬೇರೆ: 268, 276, 288. ಅಷ್ಟು ಡಿಗ್ರಿ ಹೊತ್ತು ವಾಲ್ವ್ ಬಾಯಿ ತೆರೆದೇ ಇರುತ್ತದೆ. ಬೇಗ ತೆರೆ, ತಡವಾಗಿ ಮುಚ್ಚು, ಅಲೆಗಳು ತಮ್ಮ ಕೆಲಸ ಮಾಡಲಿ. ಏರಿನ ಆರ್‌ಪಿಎಂನಲ್ಲಿ ಇದು ಸ್ವರ್ಗ. ಆದರೆ ಸಿಗ್ನಲ್ಲಿನಲ್ಲಿ ನಿಂತಾಗ? ಅಲೆಗಳೆಲ್ಲ ಅಕಾಲದಲ್ಲಿ ಬರುತ್ತವೆ, ಹೊಗೆ ಇನ್‌ಟೇಕ್ ಕೊಳವೆಗೇ ಹಿಂದಿರುಗುತ್ತದೆ, ಕಾರು ಗಡಗಡ ನಡುಗುತ್ತದೆ, ಕ್ಲಚ್ ಬಿಟ್ಟರೆ ಸತ್ತೇಹೋಗುತ್ತದೆ. 288ರ ಕ್ಯಾಮ್ ಹಾಕಿಸಿಕೊಂಡು ದಿನಾ ಆಫೀಸಿಗೆ ಹೋಗುತ್ತೇನೆ ಎನ್ನುವವರ ತಾಳ್ಮೆಗೆ ನನ್ನ ನಮಸ್ಕಾರ.

ಹೋಂಡಾದ ಇಕುವೊ ಕಜಿತಾನಿ ಮತ್ತು ಅವರ ತಂಡ ಈ ಗಂಟನ್ನು ಬಿಡಿಸಿದ ರೀತಿ ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸೌಮ್ಯ ಕ್ಯಾಮ್ ಬೇಕೋ, ಉಗ್ರ ಕ್ಯಾಮ್ ಬೇಕೋ? ಎರಡೂ ಇರಲಿ! ಒಂದೇ ಶಾಫ್ಟಿನ ಮೇಲೆ ಪ್ರತಿ ಜೋಡಿ ವಾಲ್ವಿಗೆ ಮೂರು ಉಬ್ಬುಗಳು. ಅಂಚಿನ ಎರಡು ಪೇಟೆಯ ಓಡಾಟಕ್ಕೆ, ನಡುವಿನದು ರೇಸಿಗೆ. ನಿಗದಿತ ವೇಗ ದಾಟಿದ ಕೂಡಲೇ ಎಂಜಿನ್ ಆಯಿಲಿನ ಒತ್ತಡ ಒಂದು ಸಣ್ಣ ಪಿನ್ನನ್ನು ನೂಕುತ್ತದೆ, ವಾಲ್ವ್ ಒತ್ತುವ ಮೂರು ರಾಕರ್‌ಗಳು ಒಂದಾಗಿ ಬೆಸೆದುಕೊಳ್ಳುತ್ತವೆ, ನಡುವಿನ ಉಬ್ಬು ಅಧಿಕಾರ ವಹಿಸಿಕೊಳ್ಳುತ್ತದೆ. ಅದೇ ವಿಟೆಕ್. 1989ರಲ್ಲಿ ಇಂಟೆಗ್ರಾದ ಬಿ16ಎ ಎಂಜಿನ್ನಿನಲ್ಲಿ ಮೊದಲು ಬಂತು. 1.6 ಲೀಟರಿಗೆ 160 ಕುದುರೆ, ಅಂದರೆ ಲೀಟರಿಗೆ ನೂರು. ಟೈಪ್ ಆರ್‌ನಲ್ಲಿ 6000ದ ಆಸುಪಾಸಿನಲ್ಲಿ ಆ ಬದಲಾವಣೆ ಆದಾಗ ಎಂಜಿನ್ನಿನ ದನಿಯೇ ಬೇರೆಯಾಗುತ್ತದೆ, ಕಣ್ಣು ಮುಚ್ಚಿ ಕೂತವರಿಗೂ ತಿಳಿಯುತ್ತದೆ. ಅದೇ 1997ರಲ್ಲಿ ನಿಸಾನ್ ಸುಮ್ಮನಿರದೆ ಪಲ್ಸರ್ ವಿಝಡ್-ಆರ್ ಎನ್1 ಎಂಬ ಹ್ಯಾಚ್‌ನಲ್ಲಿ ಅಷ್ಟೇ ದೊಡ್ಡ ಎಂಜಿನ್ನಿನಿಂದ 200 ಕುದುರೆ ತೆಗೆಯಿತು. ಶೋರೂಮ್ ಕಾರಿನಲ್ಲಿ!

ಕಾರ್ಖಾನೆಯೇ ಇಷ್ಟು ಹಿಂಡಿದ ಮೇಲೆ ಟ್ಯೂನರ್‌ಗೆ ಏನು ಉಳಿಯಿತು? ಇಲ್ಲಿ ಸ್ವಲ್ಪ ತಣ್ಣೀರು. ಬಾನೆಟ್ ಒಳಗೆ ತೆರೆದ ಕೋನ್ ಫಿಲ್ಟರ್ ಕೂರಿಸಿದರೆ ಹತ್ತು ಕುದುರೆ ಎನ್ನುವವರನ್ನು ನಂಬಬೇಡಿ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ನೂರಕ್ಕೆ ಮೂರರಷ್ಟು ಇಳಿಯುತ್ತದೆ. ಎಂಜಿನ್ನಿನ ಬಿಸಿಯುಸಿರನ್ನೇ ಮತ್ತೆ ಕುಡಿಸುವ ಆ ಫಿಲ್ಟರ್ ಸದ್ದು ಹೆಚ್ಚಿಸುತ್ತದೆ, ಕುದುರೆಗಳನ್ನು ಓಡಿಸಿಬಿಡುತ್ತದೆ. ಪೋರ್ಟನ್ನು ಕೊರೆದು ಅಗಲಿಸುವುದೂ ಹಾಗೆಯೇ. ಅಗಲ ಹೆಚ್ಚಾದರೆ ಗಾಳಿಯ ವೇಗ ತಗ್ಗುತ್ತದೆ, ವೇಗ ತಗ್ಗಿದರೆ ಓಡುವ ಗಾಳಿಯ ಜಡತ್ವ ಕೊಡುವ ನೂಕು ಹೋಯಿತು. ನುರಿತ ಹೆಡ್ ಪೋರ್ಟರ್‌ಗಳು ಲೋಹ ತೆಗೆಯುವುದಕ್ಕಿಂತ ಹೆಚ್ಚು ಹೊತ್ತು ಫ್ಲೋ ಬೆಂಚಿನ ಮುಂದೆ ಗಾಳಿಯ ಹರಿವು ಅಳೆಯುತ್ತ ಕೂರುತ್ತಾರೆ. ವಾಲ್ವ್ ಸೀಟಿನ ಸುತ್ತಲಿನ ಒಂದೆರಡು ಮಿಲಿಮೀಟರ್ ವಕ್ರದಲ್ಲೇ ಅರ್ಧ ಆಟವಿದೆ. ರೆನೊ ಕ್ಲಿಯೊ ನೋಡಿ. ಅದೇ ಎರಡು ಲೀಟರ್ ಎಂಜಿನ್ ವಂಶ 2000ದಲ್ಲಿ 172 ಕುದುರೆ, 2004ರಲ್ಲಿ 182, 2006ರಲ್ಲಿ 197. ಇಡೀ ಕಂಪನಿಯ ಎಂಜಿನಿಯರ್‌ಗಳು ಆರು ವರ್ಷದಲ್ಲಿ ಗಳಿಸಿದ್ದು ಇಪ್ಪತ್ತೈದು.

ಆದರೂ ದಾರಿಯಿದೆ. ಕಾರ್ಖಾನೆ ನಾಲ್ಕು ಸಿಲಿಂಡರಿಗೂ ಒಂದೇ ಥ್ರಾಟಲ್ ಕೊಟ್ಟಿರುತ್ತದೆ. ಅದನ್ನು ಕಿತ್ತು, ಸಿಲಿಂಡರಿಗೊಂದರಂತೆ ನಾಲ್ಕು ಥ್ರಾಟಲ್ ಬಾಡಿ, ಅವುಗಳ ತುದಿಗೆ ಅಗಲ ಬಾಯಿಯ ಟ್ರಂಪೆಟ್‌ಗಳು! ಈಗ ಒಂದರ ಅಲೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ, ಟ್ರಂಪೆಟ್ ಉದ್ದ ಬದಲಿಸಿ ಯಾವ ಆರ್‌ಪಿಎಂನಲ್ಲಿ ಟಾರ್ಕ್ ಉಬ್ಬಬೇಕೆಂದು ಆರಿಸಿಕೊಳ್ಳಬಹುದು. ಟೊಯೊಟಾ 1991ರ 20 ವಾಲ್ವ್ 4ಎ-ಜಿಇಯಲ್ಲಿ ಇದನ್ನು ಕಾರ್ಖಾನೆಯಿಂದಲೇ ಕೊಟ್ಟಿತ್ತು. ಇದರ ಜೊತೆಗೆ ಉಗ್ರ ಕ್ಯಾಮ್, 12ರ ಮೇಲಿನ ಕಂಪ್ರೆಷನ್, ಎಂಜಿನ್ ನಿಯಂತ್ರಿಸುವ ಹೊಸ ಇಸಿಯು. ಇವೆಲ್ಲ ಜೊತೆಯಾಗಿ ಬಂದರೆ ಮಾತ್ರ ಫಲ. ಕ್ಯಾಮ್ ಒಂದನ್ನೇ ಬದಲಿಸಿ ಉಳಿದದ್ದನ್ನು ಹಾಗೇ ಬಿಟ್ಟರೆ ಮೊದಲಿಗಿಂತ ಮಂದವಾದರೂ ಆಶ್ಚರ್ಯವಿಲ್ಲ. ಆಮೇಲೆ ಶಕ್ತಿ ಅಳೆಯುವ ಡೈನೊ ರೋಲರ್ ಮೇಲೆ ಕಾರು ಕಟ್ಟಿ, ಐನೂರು ಐನೂರು ಆರ್‌ಪಿಎಂಗೆ ಇಂಧನ, ಇಗ್ನಿಷನ್ ಒಂದೊಂದೇ ಡಿಗ್ರಿ ತಿದ್ದುತ್ತ ಹೋಗುವುದು. ಸ್ಪಾರ್ಕ್ ಸ್ವಲ್ಪ ಮುಂಚೆ ಬಿದ್ದರೆ ನಾಕಿಂಗ್, ಪಿಸ್ಟನ್ನಿಗೆ ತೂತು. ಸ್ವಲ್ಪ ತಡವಾದರೆ ಇಷ್ಟೆಲ್ಲ ಪಾಡುಪಟ್ಟು ತಂದ ಗಾಳಿ ವ್ಯರ್ಥ.

ಇನ್ನು ಲೋಹದ ಪಾಡು! ಬಿ16ಬಿಯಲ್ಲಿ ಪಿಸ್ಟನ್ 77.4 ಮಿಲಿಮೀಟರ್ ಏರಿ ಇಳಿಯುತ್ತದೆ. 8200 ಆರ್‌ಪಿಎಂನಲ್ಲಿ, ಮೇಲಿನ ತುದಿಯಲ್ಲಿ ನಿಂತು ಹಿಂದಿರುಗುವ ಆ ಕ್ಷಣದಲ್ಲಿ, ಅದರ ಮೇಲಿನ ವೇಗೋತ್ಕರ್ಷ ಗುರುತ್ವದ ಮೂರೂವರೆ ಸಾವಿರ ಪಟ್ಟಿಗೂ ಹೆಚ್ಚು. ಮುನ್ನೂರು ಗ್ರಾಂ ತೂಗುವ ವಸ್ತು ಆ ಕ್ಷಣಕ್ಕೆ ಒಂದು ಟನ್ನಿನ ಭಾರದಿಂದ ಕನೆಕ್ಟಿಂಗ್ ರಾಡನ್ನು ಎಳೆಯುತ್ತದೆ. ಸೆಕೆಂಡಿಗೆ ನೂರಾ ಮೂವತ್ತಾರು ಸಲ. ಈ ಎಳೆತ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 8200ರಿಂದ 9000ಕ್ಕೆ ಹೋದರೆ ಐದನೇ ಒಂದು ಭಾಗ ಹೆಚ್ಚು. ವಾಲ್ವ್ ಸ್ಪ್ರಿಂಗ್ ಸೋತು ವಾಲ್ವ್ ತೇಲಿದರೆ ಪಿಸ್ಟನ್ ಬಂದು ಗುದ್ದುತ್ತದೆ, ಕಥೆ ಮುಗಿಯಿತು. ಟರ್ಬೊ ಇಲ್ಲದ ಎಂಜಿನ್ನಿನ ಕೊನೆಯ ಇಪ್ಪತ್ತು ಕುದುರೆ ಮೊದಲ ಐವತ್ತಕ್ಕಿಂತ ದುಬಾರಿಯಾಗುವುದು ಇದಕ್ಕೇ.

2013ರಲ್ಲಿ ಕ್ಲಿಯೊ ಆರ್‌ಎಸ್ ಟರ್ಬೊಗೆ ಹೋಯಿತು, 2015ರಲ್ಲಿ ಸಿವಿಕ್ ಟೈಪ್ ಆರ್ ಕೂಡ. ಈಗಿನ ಟರ್ಬೊ ಹ್ಯಾಚ್‌ಗೆ ಲ್ಯಾಪ್‌ಟಾಪ್ ಜೋಡಿಸಿ ಒಂದು ಮಧ್ಯಾಹ್ನದಲ್ಲಿ ಐವತ್ತು ಕುದುರೆ ಏರಿಸಬಹುದು. ಸುಲಭ, ಅಗ್ಗ, ನಿಜ ಹೇಳಬೇಕೆಂದರೆ ಸ್ವಲ್ಪ ಸಪ್ಪೆ.

ಹಾಗೆಂದು ಬರೀ ಗಾಳಿಯನ್ನು ನಂಬಿದವರು ಟರ್ಬೊ ಮುಂದೆ ಸೋತೇ ಸೋಲಬೇಕೆಂದೇನೂ ಇಲ್ಲ. 1999ರ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್. ಎದುರಿಗೆ ಸುಬಾರು, ಮಿತ್ಸುಬಿಷಿ, ಟೊಯೊಟಾ, ಫೋರ್ಡ್. ಎಲ್ಲವೂ ಟರ್ಬೊ, ಎಲ್ಲವೂ ನಾಲ್ಕು ಚಕ್ರದ ಚಾಲನೆ. ಸಿಟ್ರೊಯೆನ್ ತಂದದ್ದು ಕ್ಸಾರಾ ಕಿಟ್ ಕಾರ್: ಮುಂದಿನ ಎರಡೇ ಚಕ್ರಕ್ಕೆ ಚಾಲನೆ, ಟರ್ಬೊ ಇಲ್ಲದ ಎರಡು ಲೀಟರ್ ಎಂಜಿನ್, ಸುಮಾರು 280 ಕುದುರೆ. ಟರ್ಬೊ ಕಾರುಗಳ ಗಂಟಲಿಗೆ 34 ಮಿಲಿಮೀಟರ್ ರಿಸ್ಟ್ರಿಕ್ಟರ್ ಕಟ್ಟಿ ಅವುಗಳನ್ನು ಮುನ್ನೂರರ ಹತ್ತಿರ ತಡೆದಿದ್ದರು. ಅವುಗಳ ಕನಿಷ್ಠ ತೂಕ 1230 ಕಿಲೊ, ಇದರದು 960. ಫಿಲಿಪ್ ಬುಗಾಲ್ಸ್‌ಕಿ ಕತಲೂನ್ಯಾದ ಟಾರು ರಸ್ತೆಗಳಲ್ಲಿ ಇಡೀ ರ‍್ಯಾಲಿ ಗೆದ್ದರು. ಆಕಸ್ಮಿಕ ಎಂದವರಿಗೆ ಉತ್ತರವಾಗಿ ಮುಂದಿನ ರ‍್ಯಾಲಿಯಲ್ಲೇ, ಕಾರ್ಸಿಕಾ ದ್ವೀಪದ ತಿರುವುಗಳಲ್ಲಿ ಮತ್ತೆ ಗೆದ್ದರು. ಅಲ್ಲಿ ಎರಡನೇ ಸ್ಥಾನ ಹೆಸುಸ್ ಪುರಾಸ್‌ಗೆ. ಅವರ ಕಾರೂ ಕ್ಸಾರಾ ಕಿಟ್ ಕಾರೇ!